ಯಾರ ಕೈಯಲ್ಲಿ ಯಾರ ಕಾಗದ?

ಮೊದಲೆಲ್ಲ ಪಕ್ಷಗಳು ಜೀಪಿಗೆ ಮೈಕು ಕಟ್ಟಿಕೊಂಡು ಕೂಗ್ತಿದ್ದವು, ನಾವು ಕೇಳ್ತಿದ್ದೆವು. ಈಗ ಪ್ರಚಾರದ ಅರ್ಧ ಕೆಲಸವನ್ನ ನಮ್ಮ ಕೈಲೇ ಮಾಡಿಸ್ತಾರೆ.

2019ರ ಮಾರ್ಚ್‌ನಲ್ಲಿ ಬಿಜೆಪಿ ‘ನಾನೂ ಚೌಕಿದಾರ್’ ಅಂದಾಗ ಸಾವಿರಾರು ಜನ ತಮ್ಮ ಹೆಸರಿನ ಹಿಂದೆ ಆ ಪದ ಸೇರಿಸಿಕೊಂಡರು. 2022ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ ಬೆಂಗಳೂರಿನ ಗೋಡೆಗಳ ಮೇಲೆ ‘ಪೇಸಿಎಂ’ ಪೋಸ್ಟರ್ ಅಂಟಿಸಿತು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ 40 ಪರ್ಸೆಂಟ್ ಕಮಿಷನ್ ಆರೋಪದ ಪುಟ, ಅಲ್ಲೇ ದೂರು ಕೊಡೋಕೆ ಜಾಗ. ಫೋಟೋ ತೆಗೆದು ಊರೂರಿಗೆ ಹಂಚಿದ್ದು ಮಾತ್ರ ಜನ.

ಇದು ಯಾಕೆ ನಡೆಯುತ್ತೆ? ಕಾರಣ ಸರಳ. ನಾಯಕರ ಭಾಷಣಕ್ಕಿಂತ ಪಕ್ಕದ ಮನೆಯವರ ಮಾತಿಗೆ ತೂಕ ಜಾಸ್ತಿ. ನಾವೇ ಹಂಚಿದ ಮಾತನ್ನ ನಾವೇ ಸಮರ್ಥಿಸಿಕೊಳ್ತೀವಿ. ಜೊತೆಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು, ನಮ್ಮ ನಂಬರ್ ಪಕ್ಷದ ಪಟ್ಟಿಗೆ ಸೇರುತ್ತೆ.

ಹಾಗಾದರೆ ನಾವು ಪಾಲುದಾರರೋ, ಬಿಟ್ಟಿ ಕೆಲಸಗಾರರೋ? ನಾನು ಇಡುವ ಪರೀಕ್ಷೆ ಒಂದೇ: ಕೊನೆಗೆ ಯಾರ ಕೈಯಲ್ಲಿ ಯಾರ ಕಾಗದ ಉಳೀತು?

2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಮನೆಮನೆಗೆ ಗ್ಯಾರಂಟಿ ಕಾರ್ಡ್ ಹಂಚಿತು. ಅದರ ಮೇಲೆ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಸಹಿ. ಯೋಜನೆಗಳು ಸರಿಯೋ ತಪ್ಪೋ, ಆ ಚರ್ಚೆ ಬೇರೆ. ಆದರೆ ಕಾಗದ ಮತದಾರರ ಮನೆಯಲ್ಲಿ ಉಳಿಯಿತು, ‘ಎಲ್ಲಿ ಸ್ವಾಮಿ?’ ಅಂತ ಕೇಳೋಕೆ ಆಧಾರವಾಯಿತು. ಮೇ 13ಕ್ಕೆ ಫಲಿತಾಂಶ, ಜೂನ್ 11ಕ್ಕೆ ‘ಶಕ್ತಿ’ ಬಸ್ ಹೊರಟಿತು.

ಇದರ ಉಲ್ಟಾ ಕೂಡ ಇದೆ. ಚುನಾವಣೆಗೆ ಮೊದಲೇ ಫಾರಂ ತುಂಬಿಸಿ, ಫೋನ್ ನಂಬರ್ ಪಡೆದು, ‘ಗೆದ್ದ ಮೇಲೆ ನಿಮಗೆ ಯೋಜನೆ’ ಅನ್ನೋದು. 2024ರ ಮೇ 2ರಂದು ಚುನಾವಣಾ ಆಯೋಗ, ಸಮೀಕ್ಷೆಯ ಹೆಸರಲ್ಲಿ ಹೀಗೆ ನೋಂದಣಿ ಮಾಡಿಸೋದನ್ನ ತಕ್ಷಣ ನಿಲ್ಲಿಸಿ ಅಂತ ಎಲ್ಲ ಪಕ್ಷಗಳಿಗೂ ಹೇಳಿತು. ಇದು ಲಂಚದ ಆಮಿಷಕ್ಕೆ ದಾರಿ ಅನ್ನೋದು ಆಯೋಗದ ಮಾತು. ಆದರೆ ಚಿಕ್ಕಬಳ್ಳಾಪುರ ಕ್ಷೇತ್ರದಲ್ಲಿ, ಅಂದರೆ ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯಲ್ಲೂ, ಏಪ್ರಿಲ್ 26ಕ್ಕೇ ಮತದಾನ ಮುಗಿದಿತ್ತು. ಆಯೋಗ ಎಚ್ಚರಿಸೋ ತನಕ ಕಾದರೆ ಹೊತ್ತು ಮೀರಿರುತ್ತೆ. ಎಚ್ಚರ ನಮ್ಮದೇ ಆಗಬೇಕು.

ನಿಜವಾದ ಪಾಲುದಾರಿಕೆ ನಮಗೆ ಹೊಸದೇನಲ್ಲ. ಮಲೆನಾಡಿನಲ್ಲಿ ಶಾಂತವೇರಿ ಗೋಪಾಲಗೌಡರು ‘ಒಂದು ವೋಟು, ಒಂದು ನೋಟು’ ಅಂತ ಜನರ ಮುಂದೆ ಹೋದವರು. ದುಡ್ಡು ಕೊಟ್ಟ ಮತದಾರ ಲೆಕ್ಕ ಕೇಳ್ತಾನೆ. ದುಡ್ಡು ತಗೊಂಡವನು ಬಾಯಿ ಮುಚ್ಚಿಕೊಳ್ತಾನೆ.

ತೂಬಗೆರೆ ಹೋಬಳಿಯವರಿಗೆ ಇದನ್ನ ನಾನು ಕಲಿಸಬೇಕಾಗಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಅವರ ಹೋಬಳಿಯದೇ. ಅಲ್ಲಿ ಎತ್ತು ಕೊಳ್ಳೋ ರೈತ ಬಾಯಿ ಬಿಡಿಸಿ ಹಲ್ಲು ನೋಡ್ತಾನೆ, ಸುಳಿ ನೋಡ್ತಾನೆ, ನಡೆಸಿ ನೋಡ್ತಾನೆ. ಮಾರೋನ ಮಾತಿಗೆ ಮರುಳಾಗಿ ಹಗ್ಗ ಹಿಡಿಯಲ್ಲ. ಒಂದು ಎತ್ತಿಗೆ ಇಷ್ಟು ಪರೀಕ್ಷೆ ಇದ್ದ ಮೇಲೆ, ಐದು ವರ್ಷದ ಸರ್ಕಾರಕ್ಕೆ ಬೇಡವೇ?

ಮುಂದಿನ ಸಲ ಬಾಗಿಲಿಗೆ ಬಂದವರು ನಿಮ್ಮ ನಂಬರ್ ಕೇಳಿದರೆ ಮೂರು ಪ್ರಶ್ನೆ ಕೇಳಿ. ಇದು ಯಾರಿಗೆ ಹೋಗುತ್ತೆ? ನಮ್ಮ ಕೆರೆ, ರಸ್ತೆ, ಆಸ್ಪತ್ರೆ ಬಗ್ಗೆ ನಿಮ್ಮ ಮಾತನ್ನ ಬರೆದು ಸಹಿ ಹಾಕಿ ಕೊಡ್ತೀರಾ? ಗೆದ್ದ ಮೇಲೆ ಯಾವಾಗ ಊರಿಗೆ ಬಂದು ಲೆಕ್ಕ ಒಪ್ಪಿಸ್ತೀರಾ? ಉತ್ತರ ಬರದಿದ್ದರೆ ಪೆನ್ನು ಕೆಳಗಿಡಿ.