ಉಪ್ಪುಗಾಳಿಯ ಊರಿನ ವಿದ್ಯುತ್ ಕೇಂದ್ರಗಳು

ಮಂಗಳೂರಿಗೆ ವಿದ್ಯುತ್ ತಲುಪುವ ದೊಡ್ಡ ಬಾಗಿಲುಗಳಲ್ಲೊಂದು ಕಾವೂರಿನ 220 ಕೆ.ವಿ. ಸ್ವೀಕರಣಾ ಕೇಂದ್ರ. ಅಲ್ಲಿ ಒತ್ತಡ 110 ಕೆ.ವಿ.ಗೆ ಇಳಿಯುತ್ತದೆ, ಬೆಂಗಳೂರು, ಮೈಸೂರಿನ ಕಡೆ ಈ ಹಂತ ಸಾಮಾನ್ಯವಾಗಿ 66 ಕೆ.ವಿ. ಮುಂದೆ 33, 11 ಕೆ.ವಿ. ಸಬ್‌ಸ್ಟೇಷನ್‌ಗಳನ್ನು ದಾಟಿ, ಬೀದಿಬದಿಯ ಟ್ರಾನ್ಸ್‌ಫಾರ್ಮರಿನಿಂದ 230 ವೋಲ್ಟಾಗಿ ಮನೆ ಸೇರುತ್ತದೆ. ಮೇಲಿನ ಹಂತಗಳು ರಾಜ್ಯದ ಪ್ರಸರಣ ನಿಗಮವಾದ ಕೆಪಿಟಿಸಿಎಲ್‌ನವು, 33 ಮತ್ತು ಅದಕ್ಕಿಂತ ಕೆಳಗಿನವು ವಿತರಣಾ ಕಂಪನಿ ಮೆಸ್ಕಾಂನವು. ಹೀಗಾಗಿ ಒಂದು ಕಡೆ ಸಾಮರ್ಥ್ಯ ಹೆಚ್ಚಿಸಿ ಇನ್ನೊಂದು ಕಡೆ ಹಾಗೇ ಬಿಟ್ಟರೆ ಪ್ರಯೋಜನ ಅರೆಬರೆ.

ಬಹುಮಹಡಿ ಕಟ್ಟಡಗಳು ಹೆಚ್ಚಿದಂತೆ ಲೋಡ್ ಏರುವುದು ಸಹಜ. ಕರಾವಳಿಯ ತೊಡಕು ಬೇಸಿಗೆಯ ರಾತ್ರಿಗಳದು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಎ.ಸಿ.ಗಳು ಬೆಳಗಿನವರೆಗೂ ಓಡುತ್ತವೆ. ಟ್ರಾನ್ಸ್‌ಫಾರ್ಮರಿಗೆ ತಣಿಯಲು ಬಿಡುವಿಲ್ಲ. ಅದರ ಸುರುಳಿಗೆ ಸುತ್ತಿದ ಕಾಗದವೇ ಅದರ ಆಯುಸ್ಸು. ಮಿತಿ ಮೀರಿದ ಮೇಲೆ ಸುಮಾರು 6 ಡಿಗ್ರಿ ಬಿಸಿ ಏರಿದರೂ ಕಾಗದ ಸವೆಯುವ ವೇಗ ಇಮ್ಮಡಿಯಾಗುತ್ತದೆ. ಆದ್ದರಿಂದ ಕೇಂದ್ರದಲ್ಲಿ ಎರಡನೆಯ ಟ್ರಾನ್ಸ್‌ಫಾರ್ಮರ್ ಆಡಂಬರವಲ್ಲ: ಒಂದು ಕೆಟ್ಟರೂ ಇನ್ನೊಂದು ಊರನ್ನು ಹೊರಬೇಕು.

ಇನ್ನೊಂದು ಶತ್ರು ಉಪ್ಪು. ಜೋರು ಮಳೆ ಇನ್ಸುಲೇಟರನ್ನು ತೊಳೆದುಬಿಡುತ್ತದೆ, ಅದು ಉಪಕಾರವೇ. ಅಪಾಯವಿರುವುದು ಒಣ ತಿಂಗಳುಗಳಲ್ಲಿ ಉಪ್ಪು ಕೂತ ಮೇಲೆ ಬೀಳುವ ಇಬ್ಬನಿ ಅಥವಾ ಮೊದಲ ತುಂತುರಿನಿಂದ. ಒದ್ದೆಯಾದ ಉಪ್ಪಿನ ಪದರದ ಮೇಲೆ ಕರೆಂಟ್ ಸೋರಿ, ಕಿಡಿ ಹಾರಿ, ಬ್ರೇಕರ್ ಟ್ರಿಪ್ ಆಗುತ್ತದೆ. ಕಡಿಮೆ ಮಾಲಿನ್ಯದ ಒಳನಾಡಿನಲ್ಲಿ ಪ್ರತಿ ಕೆ.ವಿ.ಗೆ 16 ಮಿಲಿಮೀಟರ್ ಮೇಲ್ಮೈ ಉದ್ದ ಸಾಕಾದರೆ, ಕಡಲಂಚಿನಲ್ಲಿ 31 ಬೇಕೆನ್ನುವುದು ರೂಢಿಯ ಲೆಕ್ಕ. ಪಿಂಗಾಣಿಯ ಬದಲು ನೀರನ್ನು ಹನಿಹನಿಯಾಗಿ ಜಾರಿಸುವ ಸಿಲಿಕೋನ್ ರಬ್ಬರ್ ಇನ್ಸುಲೇಟರ್‌ಗಳು ಬರುತ್ತಿರುವುದೂ ಇದಕ್ಕೇ.

ಇನ್ನೂ ಗಟ್ಟಿ ಪರಿಹಾರ ಜಿ.ಐ.ಎಸ್., ಅಂದರೆ ಅನಿಲ ನಿರೋಧಕದ ಸ್ವಿಚ್‌ಗೇರ್. ಇದರಲ್ಲಿ ಬ್ರೇಕರ್, ಬಸ್‌ಬಾರ್‌ಗಳೆಲ್ಲ ಲೋಹದ ಕೊಳವೆಯೊಳಗೆ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲದಲ್ಲಿರುತ್ತವೆ. ಉಪ್ಪುಗಾಳಿ ಒಳಗೆ ಹೋಗದು. ಬಯಲು ಕೇಂದ್ರಕ್ಕಿಂತ ತೀರಾ ಕಡಿಮೆ ಜಾಗ ಸಾಕು, ನಿವೇಶನ ದುಬಾರಿಯಾದ ಊರಿಗೆ ಇದು ಸಣ್ಣ ಲಾಭವಲ್ಲ. ಆದರೆ ಖರ್ಚು ಹೆಚ್ಚು. ಅನಿಲ ಸೋರಿದರೆ ಕೆಡುಕೂ ದೊಡ್ಡದು: ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿ ಮಾಡುವ ಅದರ ಶಕ್ತಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ ಸುಮಾರು 23,500 ಪಟ್ಟು. 11 ಮತ್ತು 33 ಕೆ.ವಿ.ಯಲ್ಲಿ ವ್ಯಾಕ್ಯೂಮ್ ಬ್ರೇಕರ್‌ಗಳು ಕೆಲಸ ಮಾಡುವಾಗ ಆ ಅನಿಲದ ಹಂಗೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಡಿಜಿಟಲ್ ರಿಲೇ ಮತ್ತು ದೂರದಿಂದಲೇ ನಿಗಾ ಇಡುವ ಸ್ಕಾಡಾ ವ್ಯವಸ್ಥೆ ಸೇರಿದರೆ ಯಾವ ಫೀಡರ್ ಕೆಟ್ಟಿತೆಂದು ನಿಯಂತ್ರಣ ಕೊಠಡಿಯಲ್ಲೇ ತಿಳಿಯುತ್ತದೆ. ಹಳೆಯದನ್ನು ಕಳಚಿ ಹೊಸದನ್ನು ಕೂರಿಸುವ ಕೆಲಸವನ್ನು ಮಾತ್ರ ಕೇಂದ್ರ ಚಾಲೂ ಇರುವಾಗಲೇ, ಒಂದೊಂದೇ ಬೇ (ಒಂದು ಲೈನ್ ಅಥವಾ ಟ್ರಾನ್ಸ್‌ಫಾರ್ಮರಿನ ಉಪಕರಣಗಳ ಸಾಲು) ಬಿಡುಗಡೆ ಮಾಡಿಕೊಂಡು ಮಾಡಬೇಕು. ಮಳೆಗಾಲದಲ್ಲಿ ಅಡಿಪಾಯ ಅಗೆಯಲಾಗದು, ಬೇಸಿಗೆಯಲ್ಲಿ ಲೋಡ್ ಇಳಿಸಲಾಗದು. ಉಳಿಯುವುದು ಹೆಚ್ಚುಕಡಿಮೆ ನವೆಂಬರಿನಿಂದ ಫೆಬ್ರವರಿ.