ಮುರಿದ ಕಂಬ

ಮೆಕ್ಸಿಕೋ ದೇಶದ ಕಲಾವಿದೆ ಫ್ರೀಡಾ ಕಾಹ್ಲೋ 1944ರಲ್ಲಿ ರಚಿಸಿದ ‘ಮುರಿದ ಕಂಬ’ ಎಂಬ ತೈಲಚಿತ್ರವು ಗಾತ್ರದಲ್ಲಿ ಬಹು ಚಿಕ್ಕದು. ಎತ್ತರ ಸುಮಾರು 40 ಸೆಂಟಿಮೀಟರ್, ಅಗಲ 30 ಸೆಂಟಿಮೀಟರ್, ಅಷ್ಟೇ. ಆದರೆ ಒಮ್ಮೆ ನೋಡಿದವರು ಅದನ್ನು ಮರೆಯಲಾರರು.

ಬಿರುಕುಬಿಟ್ಟ ಬಂಜರು ನೆಲದಲ್ಲಿ ಹೆಣ್ಣೊಬ್ಬಳು ಏಕಾಕಿಯಾಗಿ ನಿಂತಿದ್ದಾಳೆ. ಆಕೆ ಸ್ವತಃ ಕಲಾವಿದೆಯೇ. ಕೊರಳಿನಿಂದ ಸೊಂಟದವರೆಗೆ ದೇಹವು ಸೀಳಿದೆ. ಬೆನ್ನುಮೂಳೆ ಇರಬೇಕಾದ ಎಡೆಯಲ್ಲಿ ಪ್ರಾಚೀನ ಗ್ರೀಕ್ ದೇವಾಲಯಗಳಲ್ಲಿ ಕಾಣುವಂತಹ ಕಲ್ಲುಕಂಬವಿದೆ. ಅದೂ ಹಲವು ಕಡೆ ಒಡೆದು ಇನ್ನೇನು ಕುಸಿಯುವಂತಿದೆ. ಪಟ್ಟಿಗಳಿಂದ ಮಾಡಿದ ಕವಚವೊಂದು ಬಿಗಿಯಾಗಿ ಹಿಡಿದಿರದಿದ್ದರೆ ದೇಹವು ಎರಡು ಹೋಳಾಗಿ ಬೀಳುತ್ತಿತ್ತೇನೋ! ಮೈಮುಖಗಳ ತುಂಬ ಮೊಳೆಗಳು ನಾಟಿವೆ. ಅವುಗಳಲ್ಲಿ ಅತ್ಯಂತ ದೊಡ್ಡದು ಹೃದಯದ ಬಳಿಯಿದೆ.

ಕನಸಿನಲ್ಲಿ ಕಾಣುವಂತಹ ಅಸಂಗತ ವಸ್ತುಗಳನ್ನು ಒಂದೆಡೆ ತಂದು ಚಿತ್ರಿಸುವ ಪಂಥಕ್ಕೆ ಅತಿವಾಸ್ತವವಾದವೆಂದು ಹೆಸರು. 1924ರಲ್ಲಿ ಅದರ ಪ್ರಣಾಳಿಕೆಯನ್ನು ಪ್ರಕಟಿಸಿದ ಫ್ರೆಂಚ್ ಲೇಖಕ ಆಂದ್ರೆ ಬ್ರೆತಾನ್, 1938ರಲ್ಲಿ ಮೆಕ್ಸಿಕೋಗೆ ಬಂದು ಫ್ರೀಡಾಳ ಚಿತ್ರಗಳನ್ನು ಕಂಡು, ಈಕೆ ತಮ್ಮವಳೇ ಎಂದು ಸಾರಿದನು. ಫ್ರೀಡಾ ಒಪ್ಪಲಿಲ್ಲ. ತಾನು ಕನಸುಗಳನ್ನಲ್ಲ, ತನ್ನ ವಾಸ್ತವವನ್ನೇ ಬರೆಯುತ್ತಿರುವೆನೆಂಬುದು ಆಕೆಯ ನಿಲುವು. ಆಕೆಯ ಬದುಕನ್ನು ಬಲ್ಲವರಿಗೆ ಈ ಮಾತು ಉತ್ಪ್ರೇಕ್ಷೆಯೆನಿಸದು.

ಆರನೆಯ ವಯಸ್ಸಿನಲ್ಲಿಯೇ ಪೋಲಿಯೋ ರೋಗವು ಆಕೆಯ ಬಲಗಾಲನ್ನು ಕೃಶಗೊಳಿಸಿತ್ತು. ವೈದ್ಯೆಯಾಗಬೇಕೆಂಬ ಹಂಬಲದಿಂದ ಓದುತ್ತಿದ್ದ ಫ್ರೀಡಾ 1925ರ ಸೆಪ್ಟೆಂಬರ್ 17ರಂದು ಪಯಣಿಸುತ್ತಿದ್ದ ಬಸ್ಸಿಗೆ ಟ್ರಾಮ್ ಬಂಡಿ ಡಿಕ್ಕಿ ಹೊಡೆಯಿತು. ಕಬ್ಬಿಣದ ಹಿಡಿಕಂಬಿಯೊಂದು ಹದಿನೆಂಟರ ಆ ತರುಣಿಯ ದೇಹವನ್ನು ತೂರಿಕೊಂಡು ಹೋಯಿತು, ಬೆನ್ನುಮೂಳೆ ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆಯೇ ಗತಿಯಾಯಿತು. ಮಲಗಿದಲ್ಲಿಯೇ ಬರೆಯಲು ಅನುಕೂಲವಾಗುವಂತೆ ತಾಯಿ ಚಿತ್ರಫಲಕವೊಂದನ್ನು ಮಾಡಿಸಿಕೊಟ್ಟರು. ಮಂಚದ ಮೇಲ್ಕಟ್ಟಿಗೆ ಕನ್ನಡಿಯನ್ನೂ ಜೋಡಿಸಲಾಯಿತು. ಕಣ್ಣು ತೆರೆದಾಗಲೆಲ್ಲ ಎದುರಿಗಿದ್ದುದು ತನ್ನದೇ ಮುಖ. ಆಕೆ ಅದನ್ನೇ ಬರೆಯತೊಡಗಿದಳು.

1944ರ ವೇಳೆಗೆ ಬೆನ್ನುನೋವು ಉಲ್ಬಣಿಸಿ ವೈದ್ಯರು ಆಕೆಗೆ ಉಕ್ಕಿನ ಕವಚವನ್ನು ತೊಡಿಸಿದರು. ಚಿತ್ರದಲ್ಲಿರುವ ಕವಚವು ಕಲ್ಪನೆಯದಲ್ಲ. ಕಂಬ, ಮೊಳೆ, ಬಿರುಕುಗಳು ರೂಪಕಗಳೇ ನಿಜ. ಆದರೆ ಎಕ್ಸ್‌ರೇ ಛಾಯಾಚಿತ್ರವು ಮೂಳೆಯ ಮುರಿತವನ್ನು ತೋರಿಸೀತೇ ಹೊರತು ನೋವನ್ನು ತೋರಿಸಲಾರದು. ನೋವಿಗೆ ಆಕಾರ ಕೊಡಲು ಇಂತಹ ರೂಪಕವೇ ಬೇಕಾಯಿತು.

ಇಷ್ಟಾದರೂ ಆ ಮುಖವನ್ನು ಗಮನಿಸಿರಿ. ಕಣ್ಣೀರಿನ ಹನಿಗಳು ಕೆನ್ನೆಯ ಮೇಲಿವೆ. ಆದರೆ ತುಟಿ ನಡುಗಿಲ್ಲ, ದೃಷ್ಟಿ ಬಾಗಿಲ್ಲ. ಅದು ಕನಿಕರವನ್ನು ಬೇಡುವ ಮುಖವಲ್ಲ. ನೋಡುವವರನ್ನೇ ಅದು ನೇರವಾಗಿ ದಿಟ್ಟಿಸುತ್ತದೆ.

1953ರಲ್ಲಿ ಸ್ವದೇಶದಲ್ಲಿ ಆಕೆಯ ಮೊದಲ ಏಕವ್ಯಕ್ತಿ ಪ್ರದರ್ಶನವು ಏರ್ಪಟ್ಟಾಗ ಹಾಸಿಗೆ ಬಿಟ್ಟೇಳುವ ಶಕ್ತಿ ಫ್ರೀಡಾಳಿಗಿರಲಿಲ್ಲ. ಆಕೆಯ ಮಂಚವನ್ನೇ ಪ್ರದರ್ಶನಶಾಲೆಗೆ ಸಾಗಿಸಿದರು. ಆಂಬುಲೆನ್ಸಿನಲ್ಲಿ ಬಂದಿಳಿದು, ತನ್ನ ಚಿತ್ರಗಳ ನಡುವೆ ಮಲಗಿಕೊಂಡೇ ಆಕೆ ಅತಿಥಿಗಳನ್ನು ಬರಮಾಡಿಕೊಂಡಳು.