ಕ್ರಿಸ್‌ಮಸ್‌ಗೆ ಬಂದ ನೆಂಟರು ಸಂಜೆಗೇ ಹೊರಡೋದು ಯಾಕೆ?

ನಂಜನಗೂಡು: ಕ್ರಿಸ್‌ಮಸ್‌ಗೆ ಹಿಂದಿನ ದಿನವೇ ಬಂದು ಎರಡು ಮೂರು ದಿನ ಉಳೀತಿದ್ದ ನೆಂಟರು, ಈಗ ಬೆಳಿಗ್ಗೆ ಬಂದು ಸಂಜೆಗೆ ಹೊರಟುಬಿಡ್ತಾರೆ. ನಂಜನಗೂಡು, ತಿ.ನರಸೀಪುರ ಭಾಗದ ಕ್ರೈಸ್ತ ಮನೆಗಳ ಹಿರಿಯರಿಗೆ ಇದೇ ಬೇಜಾರು. ಆದರೆ ಇದು ಬರೀ ಪ್ರೀತಿ ಕಮ್ಮಿಯಾದ ಕಥೆಯಲ್ಲ.

ಮೊದಲನೆಯ ಕಾರಣ ಪ್ರಯಾಣ. ಬೈಕು, ಕಾರು ಅಪರೂಪವಾಗಿದ್ದ ಕಾಲದಲ್ಲಿ ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚ್‌ನ ಮಧ್ಯರಾತ್ರಿ ಬಲಿಪೂಜೆಗೆ ಹೋದವರಿಗೆ ನೆಂಟರ ಮನೆಯೇ ಗತಿ. ಈಗ ಸ್ವಂತ ಗಾಡಿಯಲ್ಲಿ ಆ ರಾತ್ರಿಯೇ ಊರು ಸೇರಬಹುದು.

ಎರಡನೆಯದು ರಜೆ. ಸರ್ಕಾರಿ ರಜೆ ಇರೋದು ಡಿ.25 ಒಂದೇ ದಿನ. ಕೆಲವು ಮಿಷನರಿ ಶಾಲೆಗಳು ದಸರಾ ರಜೆ ಕಡಿತ ಮಾಡಿ ಕ್ರಿಸ್‌ಮಸ್‌ಗೆ ಕೊಡ್ತವೆ. ಅಣ್ಣನ ಮಕ್ಕಳಿಗೆ ರಜೆ ಇದ್ದರೆ ತಂಗಿಯ ಮಕ್ಕಳಿಗೆ ಮರುದಿನವೇ ಸ್ಕೂಲು. ಕಾರ್ಖಾನೆಯಲ್ಲಿ ಶಿಫ್ಟ್ ಇರೋರ ಪಾಡಂತೂ ಹೇಳೋದೇ ಬೇಡ.

ಇದರ ಬಿಸಿ ಅಂಗಡಿಗೂ ತಟ್ಟುತ್ತೆ. ಹತ್ತು ಜನ ಸೇರಿ ಕಜ್ಜಾಯ, ಚಕ್ಕುಲಿ ಮಾಡೋ ಮನೆಗೆ ಬೇಕಾದ ಬೆಲ್ಲ, ಎಣ್ಣೆಯೇ ಬೇರೆ. ಕೇಕು, ಬಿರಿಯಾನಿ ಆರ್ಡರ್ ಕೊಡೋ ಮನೆಯ ಚೀಟಿಯೇ ಬೇರೆ.

ಆದರೆ ಬದಲಾವಣೆಯೆಲ್ಲ ನಷ್ಟವಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಬಸ್ ಚಾರ್ಜಿಗೆ ಗಂಡನ ಕೈ ನೋಡಬೇಕಿದ್ದ ಹೆಣ್ಮಕ್ಕಳು ಈಗ ಸಾಮಾನ್ಯ ಸರ್ಕಾರಿ ಬಸ್‌ನಲ್ಲಿ ದುಡ್ಡಿಲ್ಲದೆ ತವರಿಗೆ ಬರಬಹುದು. ಹಬ್ಬದ ರಾತ್ರಿ ಉಳಿಯದ ಮಗಳು, ಅಮ್ಮನಿಗೆ ಹುಷಾರಿಲ್ಲ ಅಂದ ದಿನ ಮೊದಲ ಬಸ್ಸಿಗೇ ಬಂದಿಳಿಯಬಹುದು.